ಬಿಷಪ್ ಹಿಲ್ ಮ್ಯೂಸಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್ ದೂರ ಹೋದರೆ ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆ ಬಿಷಪ್ ಹಿಲ್ ಅನ್ನೋ ಪುಟ್ಟ ಊರು ಸಿಗುತ್ತದೆ. 1846ರಲ್ಲಿ ಸ್ವೀಡನ್ನಿನಿಂದ ಧರ್ಮದ ಕಾರಣಕ್ಕೆ ಬಂದವರು ಕಟ್ಟಿದ ಊರಿದು. ಎಲ್ಲರ ಆಸ್ತಿಯನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳಿದ ಅವರ ಆ ನೆಲೆಯನ್ನೇ ಇಲ್ಲಿ ಕಾಲೊನಿ ಅಂದಿದ್ದೇನೆ. ಇಲಿನಾಯ್‌ನಲ್ಲಿರುವ ಕನ್ನಡದ ಗೆಳೆಯರಿಗೆ, ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ನಾನು ಇದನ್ನು ನೋಡಿ ಬನ್ನಿ ಅಂತ ಹೇಳುತ್ತಲೇ ಇರುತ್ತೇನೆ. ಹೋಗುವ ಮೊದಲು ಒಂದಷ್ಟು, ಹೋಗಿ ಬಂದ ಮೇಲೆ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲ ಪರಿಚಯ

ಅಲ್ಲಿ ನೋಡೋಕೆ ಏನಿದೆ? ಒಂದೇ ಮ್ಯೂಸಿಯಮ್ಮಾ, ಇಡೀ ಊರಾ?

ಎರಡೂ. ಊರಿನ ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಇಲಿನಾಯ್ ರಾಜ್ಯ ನೋಡಿಕೊಳ್ಳುತ್ತದೆ, ಕೆಲವನ್ನು ಬಿಷಪ್ ಹಿಲ್ ಹೆರಿಟೇಜ್ ಅಸೋಸಿಯೇಷನ್ ಎಂಬ ಸ್ಥಳೀಯ ಸಂಘ ನೋಡಿಕೊಳ್ಳುತ್ತದೆ. ರಾಜ್ಯದ ಕಡೆ 1848ರ ಕಾಲೊನಿ ಚರ್ಚ್, ಹಳೆಯ ಹೋಟೆಲ್ ಮತ್ತು ಕಾಲೊನಿಯ ಚಿತ್ರಕಾರ ಊಲೊಫ್ ಕ್ರಾನ್ಸ್ ಅವರ ಚಿತ್ರಗಳಿರುವ ಮ್ಯೂಸಿಯಂ ಇವೆ. ಸಂಘದ ಕಡೆ 1854ರ ಸ್ಟೀಪಲ್ ಬಿಲ್ಡಿಂಗ್ ಇದೆ. ಅದರೊಳಗೂ ಒಂದು ಮ್ಯೂಸಿಯಂ ಉಂಟು. ಇವೆಲ್ಲ ನಡೆದುಕೊಂಡೇ ನೋಡುವಷ್ಟು ಹತ್ತಿರದಲ್ಲಿವೆ. 1984ರಲ್ಲಿ ಇದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಥಳದ ಮಾನ್ಯತೆ ಸಿಕ್ಕಿತು. ಜನ ಇನ್ನೂ ವಾಸ ಮಾಡುವ ಊರು ಅನ್ನೋದು ನೆನಪಿರಲಿ. 2010ರ ಗಣತಿಯಲ್ಲಿ ಅಲ್ಲಿದ್ದವರು 128 ಮಂದಿ. ಯಾರದೋ ಮನೆಯ ಅಂಗಳಕ್ಕೆ ಮ್ಯೂಸಿಯಂ ಅಂದುಕೊಂಡು ನುಗ್ಗಬೇಡಿ.

ಅವರೂ ಕ್ರಿಶ್ಚಿಯನ್ನರು, ಸ್ವೀಡನ್ನೂ ಕ್ರಿಶ್ಚಿಯನ್ ದೇಶ. ಮತ್ತೆ ಯಾಕೆ ದೇಶ ಬಿಟ್ಟು ಬಂದರು?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಆಗ ಸ್ವೀಡನ್ನಿನಲ್ಲಿ ಸರ್ಕಾರದ ಚರ್ಚ್ ಒಂದೇ, ಅದು ಲೂಥರನ್ ಚರ್ಚ್. ಪಾದ್ರಿ ಇಲ್ಲದೆ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಸಭೆ ಮಾಡುವುದನ್ನು 1726ರ ಒಂದು ಕಾನೂನು ತಡೆದಿತ್ತು. ಮನೆಯವರು ಮಾತ್ರ ಕೂತು ಪ್ರಾರ್ಥಿಸಬಹುದಿತ್ತು. ಪಕ್ಕದ ಮನೆಯವರನ್ನು ಕರೆದು ಬೈಬಲ್ ಓದಿ ಅದರ ಅರ್ಥ ಹೇಳಿದರೆ ಅಪರಾಧವಾಗುತ್ತಿತ್ತು. ದಂಡ, ಜೈಲು, ಕೊನೆಗೆ ಗಡೀಪಾರು ತನಕ ಶಿಕ್ಷೆ ಇತ್ತು.

ಆದರೂ ಹೆಲ್ಸಿಂಗ್‌ಲ್ಯಾಂಡ್ ಪ್ರಾಂತ್ಯದಂಥ ಕಡೆ ರೈತರು ಸಂಜೆ ಕೂತು ಧಾರ್ಮಿಕ ಪುಸ್ತಕ ಓದುತ್ತಿದ್ದರು. ಊರವರು ಅವರನ್ನು ‘ಓದುವವರು’ ಅಂತಲೇ ಕರೆಯುತ್ತಿದ್ದರು. ತಣ್ಣಗಾಗಿ ಹೋದ ಚರ್ಚಿಗಿಂತ ಬಿಸಿಯಾದ ಭಕ್ತಿ ಬೇಕು ಅನ್ನುವವರು ಇವರು. ಇಂಥವರ ನಡುವೆ ಎರಿಕ್ ಯಾನ್ಸನ್ ಬಂದ. ಆಮೇಲೆ ವಿಷಯ ಸಂಜೆಯ ಓದಿಗೆ ನಿಲ್ಲಲಿಲ್ಲ. ಆ ಕಾನೂನು ರದ್ದಾಗಿದ್ದು 1858ರಲ್ಲಿ. ಅಷ್ಟರೊಳಗೆ ಇವರು ಹಡಗು ಹತ್ತಿ 12 ವರ್ಷ ಆಗಿತ್ತು.

ಎರಿಕ್ ಯಾನ್ಸನ್ ಯಾರು? ಪಾದ್ರಿನಾ?

ಅಲ್ಲ, ರೈತ. 1808ರಲ್ಲಿ ಉಪ್‌ಲ್ಯಾಂಡ್ ಪ್ರಾಂತ್ಯದ ಬಿಸ್ಕೊಪ್ಸ್‌ಕುಲ್ಲಾ ಎಂಬಲ್ಲಿ ಹುಟ್ಟಿದವನು. ಅಮೆರಿಕದ ಊರಿಗೆ ಬಿಷಪ್ ಹಿಲ್ ಅಂತ ಹೆಸರಿಟ್ಟಿದ್ದು ಅದರ ನೆನಪಿಗೇ. ಹರೆಯದಲ್ಲಿ ಅವನಿಗೆ ಕೀಲುನೋವಿನ ಕಾಟ ಇತ್ತು. ಅದು ದೇವರ ಕೃಪೆಯಿಂದ ವಾಸಿಯಾಯಿತು ಅಂತ ಅವನು ನಂಬಿದ, ಅಲ್ಲಿಂದ ಬೋಧನೆ ಶುರುವಾಯಿತು. 1843ರಲ್ಲಿ ಗೋಧಿ ಹಿಟ್ಟು ಮಾರುತ್ತಾ ಉತ್ತರದ ಹೆಲ್ಸಿಂಗ್‌ಲ್ಯಾಂಡಿಗೆ ಹೋದ. ಅಲ್ಲಿನ ಸೋಡೆರಾಲಾದಲ್ಲಿ ಯೋನಾಸ್ ಊಲ್ಸನ್ ಎಂಬ ಅನುಕೂಲಸ್ಥ ರೈತ ಅವನಿಗೆ ಜಾಗ ಕೊಟ್ಟ, ಕೊನೆಗೆ ಅವನ ಬಲಗೈಯೇ ಆದ.

ಯಾನ್ಸನ್ ಹೇಳಿದ್ದು ಚಿಕ್ಕ ಮಾತು, ಆದರೆ ಭಾರಿ ಮಾತು. ನಿಜವಾದ ನಂಬಿಕೆ ಬಂದವನಲ್ಲಿ ಪಾಪ ಉಳಿಯುವುದೇ ಇಲ್ಲ ಎಂದ. ಬೈಬಲ್ ಒಂದೇ ಸಾಕು, ಮನುಷ್ಯರು ಬರೆದ ಉಳಿದ ಧಾರ್ಮಿಕ ಪುಸ್ತಕಗಳು ವಿಗ್ರಹವಿದ್ದ ಹಾಗೆ ಎಂದ. ಲೂಥರನ್ ಚರ್ಚಿನ ಮೂಲಪುರುಷನಾದ ಲೂಥರನ ಬರಹವನ್ನೂ ಅದರಲ್ಲೇ ಸೇರಿಸಿದ. 1844ರ ಜೂನ್‌ನಲ್ಲಿ ಆಲ್ಫ್ತಾ ಸೀಮೆಯಲ್ಲಿ ಅವನ ಜೊತೆಗಾರರು ಅಂಥ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ನನಗೆ ಈ ಕತೆಯಲ್ಲಿ ತುಂಬ ಕಸಿವಿಸಿಯಾಗುವ ಜಾಗ ಇದು. ಓದುವ ಹಕ್ಕಿಗಾಗಿ ಏಟು ತಿಂದವರೇ ಪುಸ್ತಕಕ್ಕೆ ಬೆಂಕಿ ಇಟ್ಟರಲ್ಲ.

ಅಲ್ಲಿಂದ ಇಲ್ಲಿಗೆ ಹೇಗೆ ಬಂದರು?

ಪುಸ್ತಕ ಸುಟ್ಟ ಮೇಲೆ ಯಾನ್ಸನ್‌ನನ್ನು ಹಲವು ಸಲ ಬಂಧಿಸಿದರು. ಪೊಲೀಸರ ಕೈಯಿಂದ ಅವನನ್ನು ಜೊತೆಗಾರರೇ ಬಿಡಿಸಿಕೊಂಡು ಹೋದರು. ಬೆಟ್ಟ ದಾಟಿ ನಾರ್ವೆಗೆ ಹೋದ ಅವನು 1846ರಲ್ಲಿ ಅಮೆರಿಕ ಮುಟ್ಟಿದ. ಅದಕ್ಕೂ ಮೊದಲೇ ಯೋನಾಸನ ತಮ್ಮ ಊಲೊಫ್ ಊಲ್ಸನ್ ಜಾಗ ನೋಡಲು ಬಂದಿದ್ದ. ನ್ಯೂಯಾರ್ಕ್ ಬಂದರಿನಲ್ಲಿ ಒಂದು ಹಡಗನ್ನೇ ಚರ್ಚ್ ಮಾಡಿಕೊಂಡಿದ್ದ ಸ್ವೀಡಿಷ್ ಮೆಥಡಿಸ್ಟ್ ಪಾದ್ರಿ ಹೆಡ್‌ಸ್ಟ್ರಮ್ ಅವನಿಗೆ ಸಿಕ್ಕರು. ಅವರ ತಮ್ಮ ಇಲಿನಾಯ್‌ನಲ್ಲಿದ್ದ. ಹಾಗಾಗಿ ಇಲಿನಾಯ್.

ಉಳಿದವರು ಹೆಚ್ಚಾಗಿ ಯೆವ್ಲೆ ಬಂದರಿನಿಂದ ಹೊರಟರು. ಕಬ್ಬಿಣ ಸಾಗಿಸುವ ಹಡಗುಗಳಲ್ಲಿ ಇವರನ್ನು ತುಂಬಿಕೊಂಡು ಬಂದರು. ನ್ಯೂಯಾರ್ಕ್‌ನಿಂದ ಹಡ್ಸನ್ ನದಿ, ಈರಿ ಕಾಲುವೆ, ದೊಡ್ಡ ಸರೋವರಗಳ ಮೂಲಕ ಶಿಕಾಗೊ ತನಕ ನೀರಿನ ದಾರಿ. ಅಲ್ಲಿಂದ ಮುಂದೆ ಗಟ್ಟಿ ಇದ್ದವರೆಲ್ಲ ನಡೆದರು. ನಾವು ಕಾರಲ್ಲಿ ಮೂರು ಗಂಟೆಯೊಳಗೆ ಮುಗಿಸುವ ದಾರಿಯನ್ನು ಮೈತುಂಬ ಹುಲ್ಲಿನ ಬಯಲಲ್ಲಿ ಮಕ್ಕಳ ಕೈ ಹಿಡಿದು ನಡೆದರು. ಎಲ್ಲ ಗುಂಪೂ ಸೇರಿ ಬಂದವರು ಸಾವಿರಕ್ಕೂ ಮೇಲೆ. ಸಮುದ್ರದಲ್ಲೇ ತೀರಿಕೊಂಡವರೂ ಇದ್ದರು.

## ನೋಡಲು ಹೋಗುವವರಿಗೆ

ಯಾವ ತಿಂಗಳು ಹೋದರೆ ಒಳ್ಳೇದು? ಟಿಕೆಟ್ ಇದೆಯಾ?

ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಸೆಪ್ಟೆಂಬರ್ ಕೊನೆಯಲ್ಲಿ ಸುಗ್ಗಿಯ ಹಬ್ಬ ಇರುತ್ತದೆ, ಜೂನ್‌ನಲ್ಲಿ ನಡುಬೇಸಿಗೆಯ ಹಬ್ಬ. ಡಿಸೆಂಬರ್‌ನಲ್ಲಿ ಲೂಸಿಯಾ ರಾತ್ರಿಗಳು, ಕಿಟಕಿ ಕಿಟಕಿಗೂ ದೀಪ. ಜನವರಿ, ಫೆಬ್ರವರಿಯಲ್ಲಿ ಅರ್ಧ ಊರು ಬಾಗಿಲು ಹಾಕಿರುತ್ತದೆ. ಮಧ್ಯವಾರದಲ್ಲೂ ಕೆಲವು ಕಡೆ ರಜೆ ಇರುತ್ತದೆ. ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ಕೇಳಿ. ರಾಜ್ಯದ ಕಟ್ಟಡಗಳಲ್ಲಿ ದೇಣಿಗೆ ಪೆಟ್ಟಿಗೆ ಇರುತ್ತದೆ. ದಯವಿಟ್ಟು ಏನಾದರೂ ಹಾಕಿ, ಇಷ್ಟು ಹಳೆಯ ಮರದ ಕಟ್ಟಡಗಳನ್ನು ಉಳಿಸೋದು ಸುಮ್ನೆ ಆಗುವ ಕೆಲಸ ಅಲ್ಲ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಬುತ್ತಿ ಕಟ್ಟಿಕೊಂಡು ಹೋಗಿ. ಊರಿನ ನಡುವೆ ಮರಗಳಿರುವ ಪಾರ್ಕ್ ಇದೆ, ಚಿತ್ರಾನ್ನವೋ ಚಪಾತಿಯೋ ಅಲ್ಲೇ ಕೂತು ತಿನ್ನಬಹುದು. ಸ್ವೀಡಿಷ್ ಅಡುಗೆ ಅಂದರೆ ಮಾಂಸದ ಉಂಡೆ, ಮೀನು ಮುಖ್ಯ. ಬ್ರೆಡ್ಡು, ಕುಕ್ಕಿ, ಲಿಂಗನ್‌ಬೆರಿ ಜ್ಯಾಮ್ ಸಿಗುತ್ತವೆ. ಏಲಕ್ಕಿ ಹಾಕಿದ ಬ್ರೆಡ್ಡು ಸಿಕ್ಕರೆ ಬಿಡಬೇಡಿ, ಸ್ವೀಡನ್ನಿನವರಿಗೆ ಏಲಕ್ಕಿ ಅಂದರೆ ನಮ್ಮಷ್ಟೇ ಪ್ರೀತಿ.

ಟೈಮ್ ಕಮ್ಮಿ ಇದೆ. ಒಂದೇ ಒಂದು ನೋಡಬೇಕು ಅಂದ್ರೆ ಯಾವುದು?

ಕ್ರಾನ್ಸ್ ಚಿತ್ರಗಳು. ಎರಡನೇ ಮಾತಿಲ್ಲ.

ಊಲೊಫ್ ಕ್ರಾನ್ಸ್ 1838ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, 1850ರಲ್ಲಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದ ಹುಡುಗ. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಸೇರಿದರು. ಆಮೇಲೆ ಪಕ್ಕದ ಗಾಲ್ವಾದಲ್ಲಿ ಮನೆಗಳಿಗೆ ಬಣ್ಣ ಹೊಡೆಯುವ, ಬೋರ್ಡು ಬರೆಯುವ ಕೆಲಸ. 1896ರಲ್ಲಿ ಕಾಲೊನಿಗೆ 50 ವರ್ಷ ತುಂಬಿದ ಸುಮಾರಿಗೆ, ಚಿಕ್ಕಂದಿನಲ್ಲಿ ಕಂಡದ್ದನ್ನೆಲ್ಲ ನೆನಪಿನಿಂದ ಬರೆಯಲು ಕೂತರು. ಚಿತ್ರಕಲೆ ಶಾಲೆಗೆ ಹೋದವರಲ್ಲ. 1916ರಲ್ಲಿ ತೀರಿಕೊಂಡರು.

ಹೆಂಗಸರು ಮೆಕ್ಕೆಜೋಳ ಬಿತ್ತುವ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೊಲದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೆಂಗಸರ ಉದ್ದ ಸಾಲು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೋಲು. ಸಾಲು ಸೊಟ್ಟಗಾಗದ ಹಾಗೆ ಎರಡು ತುದಿಯಲ್ಲಿ ಗಂಡಸರು ಹಗ್ಗ ಹಿಡಿದಿದ್ದಾರೆ. ಹಗ್ಗ ಒಂದು ಹೆಜ್ಜೆ ಮುಂದೆ ಹೋದರೆ ಇಡೀ ಸಾಲು ಒಂದು ಹೆಜ್ಜೆ ಮುಂದೆ. ಯಾರೂ ಹಿಂದೆ ಬೀಳುವ ಹಾಗಿಲ್ಲ, ಯಾರೂ ಮುಂದೆ ಓಡುವ ಹಾಗಿಲ್ಲ. ಕಾಲೊನಿ ಹೇಗೆ ನಡೆಯುತ್ತಿತ್ತು ಅಂತ ಇದಕ್ಕಿಂತ ಚೆನ್ನಾಗಿ ಯಾವ ಫಲಕವೂ ಹೇಳಿಲ್ಲ. ಇದೇ ಕೋಣೆಗಳಲ್ಲಿ ಅವರು ಬರೆದ ಹಿರಿಯರ ಮುಖಗಳೂ ಇವೆ. ಬಿಗಿದ ತುಟಿ, ನೇರ ನೋಟ. ಯಾನ್ಸನ್‌ನ ಕತೆ ಕೇಳಿ ಬಂದವರು ಆ ಮುಖಗಳನ್ನು ನೋಡದೆ ವಾಪಸ್ ಹೋದರೆ ನನಗೆ ಬೇಜಾರಾಗುತ್ತದೆ. ಊರು ಕಟ್ಟಿದವರು ಅವರೇ.

ಗೋಪುರದ ಗಡಿಯಾರದಲ್ಲಿ ನಿಮಿಷದ ಮುಳ್ಳೇ ಇಲ್ಲ. ಕಳಚಿ ಬಿದ್ದಿದೆಯಾ?

ಇಲ್ಲ, ಇರುವುದೇ ಹಾಗೆ. ಸ್ಟೀಪಲ್ ಬಿಲ್ಡಿಂಗಿನ ಗಡಿಯಾರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಪ್ರತಿಯೊಂದಕ್ಕೂ ಗಂಟೆಯ ಮುಳ್ಳು ಮಾತ್ರ.

ಚರ್ಚಿನ ಒಳಗೆ ಮನೆಗಳೂ ಇದ್ದವಂತೆ, ನಿಜಾನಾ?

ನಿಜ. ಕಾಲೊನಿ ಕಟ್ಟಿದ ಮೊದಲ ಭದ್ರ ಕಟ್ಟಡವೇ ಇದು. ಪ್ರಾರ್ಥನೆಯ ಹಜಾರ ಮೇಲಂತಸ್ತಿನಲ್ಲಿದೆ. ಕೆಳಗೆಲ್ಲ ಸಂಸಾರಗಳಿಗೆ ಒಂದೊಂದು ಕೋಣೆ. ಆಗ ತಲೆಯ ಮೇಲೆ ಸೂರು ಸಿಗುವುದೇ ಕಷ್ಟವಾಗಿತ್ತು, ದೇವರಿಗೂ ಸಂಸಾರಕ್ಕೂ ಒಂದೇ ಕಟ್ಟಡ ಸಾಕು ಅಂದರು. ಮೇಲೆ ಹತ್ತಿ ಹೋದರೆ ನಡುವೆ ಒಂದು ಅಡ್ಡಗಟ್ಟು ಕಾಣುತ್ತದೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುತ್ತಿದ್ದರು. ಕಪ್ಪು ವಾಲ್‌ನಟ್ ಮರದ ಬೆಂಚುಗಳ ಮೇಲೆ ಕೈ ಆಡಿಸುವ ಆಸೆಯಾಗುತ್ತದೆ, ಅಲ್ಲಿನವರನ್ನು ಕೇಳಿ ಮುಟ್ಟಿ.

## ಕಾಲೊನಿಯ ಒಳಗಿನ ಬದುಕು

ಮೊದಲ ಚಳಿಗಾಲದಲ್ಲಿ ತುಂಬಾ ಜನ ಸತ್ತರು ಅಂತಾರೆ. ಏನಾಯ್ತು?

1846ರ ಶರತ್ಕಾಲಕ್ಕೆ ಸುಮಾರು 400 ಜನ ಸೇರಿದ್ದರು. ಮನೆ ಇಲ್ಲ, ಹಿಮ ಬೀಳುವ ಹೊತ್ತು. ಊರ ನಡುವಿನ ಕೊರಕಲಿನ ಬದಿಯನ್ನು ಕೊರೆದು ಗವಿಯಂಥ ಮನೆ ಮಾಡಿಕೊಂಡರು. ಮುಂದೆ ಮರದ ದಿಮ್ಮಿ, ಒಂದು ಬಾಗಿಲು, ಗೋಡೆಗುಂಟ ಒಂದರ ಮೇಲೊಂದು ಮಲಗುವ ಹಲಗೆ. ಒಂದೊಂದರಲ್ಲಿ 25ರಿಂದ 30 ಜನ. ಗಾಳಿ ಆಡದು, ನೆಲ ಒದ್ದೆ, ಊಟಕ್ಕೆ ಮೆಕ್ಕೆಜೋಳದ ಹಿಟ್ಟು, ಅದೂ ಸಾಲದು. ಹಿಟ್ಟು ಮುಗಿದಾಗ ಉಪವಾಸದ ದಿನ. ಆ ಒಂದು ಚಳಿಗಾಲಕ್ಕೆ 96 ಜನ ಹೋದರು. ನಾಲ್ಕರಲ್ಲಿ ಒಬ್ಬರು ಅಂತಾಯಿತು.

ಇಷ್ಟರ ನಡುವೆಯೂ ಶಾಲೆ ನಡೆಸಿದರು. ಅಮೆರಿಕದವರಿಗೆ ಬೋಧಿಸಲು 12 ಹುಡುಗರನ್ನು ಆರಿಸಿ ಇಂಗ್ಲಿಷ್ ಕಲಿಸಿದರು. 1849ರ ಬೇಸಿಗೆಯಲ್ಲಿ ಹೊಸದಾಗಿ ಬಂದ ಗುಂಪಿನ ಜೊತೆ ಕಾಲರಾ ಬಂತು. ಮತ್ತೆ 140ಕ್ಕೂ ಹೆಚ್ಚು ಜನ ಸತ್ತರು. ಯಾನ್ಸನ್‌ನ ಹೆಂಡತಿಯೂ ಅದರಲ್ಲಿ ಒಬ್ಬಳು.

ಎಲ್ಲರ ಆಸ್ತಿ ಒಟ್ಟಿಗೆ ಅಂದ್ರೆ ಹೇಗೆ? ಯಾರ ಹತ್ತಿರವೂ ದುಡ್ಡು ಇರಲಿಲ್ವಾ?

ಒಟ್ಟು ಆಸ್ತಿ ಶುರುವಾಗಿದ್ದು ಹಡಗಿನ ಖರ್ಚಿನಿಂದ. ಜಮೀನಿದ್ದವರು ಮಾರಿ ಹಣ ತಂದು ಒಂದೇ ಪೆಟ್ಟಿಗೆಗೆ ಹಾಕಿದರು, ಅದರಿಂದ ಬಡವರ ಸಾಲ ತೀರಿಸಿ ಅವರ ದಾರಿಖರ್ಚನ್ನೂ ಕೊಟ್ಟರು. ಇಲ್ಲಿಗೆ ಬಂದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಹೊಲ, ದನ, ಮಗ್ಗ, ಊಟದ ಮನೆ ಎಲ್ಲವೂ ಎಲ್ಲರದು. ಕೂಲಿ ಇಲ್ಲ, ಊಟ ಬಟ್ಟೆ ಕಾಲೊನಿಯದು.

ಊಟಕ್ಕೆ ಎಲ್ಲರೂ ಸೇರುತ್ತಿದ್ದುದು ‘ಬಿಗ್ ಬ್ರಿಕ್’ ಎಂಬ ಇಟ್ಟಿಗೆ ಕಟ್ಟಡದಲ್ಲಿ. ನಾಲ್ಕು ಅಂತಸ್ತು, 200 ಅಡಿ ಉದ್ದ, 96 ಕೋಣೆ. ಇಟ್ಟಿಗೆಯನ್ನೂ ತಾವೇ ಸುಟ್ಟುಕೊಂಡರು. 1928ರಲ್ಲಿ ಬೆಂಕಿ ಬಿದ್ದು ಹೋಯಿತು, ಈಗ ಜಾಗ ಮಾತ್ರ ಇದೆ. ಪೊರಕೆ ಕಟ್ಟುವ ಒಂದು ಜಾತಿಯ ಜೋಳ ಅವರಿಗೆ ಚೆನ್ನಾಗಿ ದುಡ್ಡು ತಂದಿತು. ರೈಲು ದಾರಿ ಹಾಕುವಾಗ ಮಣ್ಣು ಹದ ಮಾಡುವ ಗುತ್ತಿಗೆಯನ್ನೂ ಹಿಡಿದರು. 1850ರ ದಶಕದಲ್ಲಿ ಅವರ ಜಮೀನು ಸುಮಾರು 14,000 ಎಕರೆಗೆ ಬೆಳೆಯಿತು.

ಹೆಂಗಸರ ಬದುಕು ಹೇಗಿತ್ತು? ಗಂಡಸರದ್ದೇ ಕತೆ ಕೇಳ್ತೀವಿ.

ಒಳ್ಳೆಯ ಪ್ರಶ್ನೆ. ಕಾಲೊನಿಗೆ ಮೊದಲ ರೊಕ್ಕ ಬಂದಿದ್ದೇ ಹೆಂಗಸರ ಕೈಯಿಂದ. ಹೆಲ್ಸಿಂಗ್‌ಲ್ಯಾಂಡಿನವರಿಗೆ ಅಗಸೆ ನಾರಿನ ನೇಯ್ಗೆ ತಲೆತಲಾಂತರದಿಂದ ಬಂದ ಕಸುಬು. ಇಲ್ಲಿಗೂ ಅದನ್ನೇ ತಂದರು. ಅಗಸೆ ಗಿಡ ಕಿತ್ತು, ಕೊಳೆಹಾಕಿ, ಬಡಿದು, ಬಾಚಿ, ನೂಲು ತೆಗೆದು ಮಗ್ಗಕ್ಕೆ ಏರಿಸುವ ತನಕ ಎಲ್ಲ ಹಂತದಲ್ಲೂ ಹೆಂಗಸರು, ಸಣ್ಣ ಕೆಲಸಕ್ಕೆ ಮಕ್ಕಳು. ಮ್ಯೂಸಿಯಮ್ಮಿನಲ್ಲಿ ನೇಯ್ಗೆಯ ಸಾಮಾನು ಕಂಡರೆ ಹಾಗೇ ದಾಟಿ ಹೋಗಬೇಡಿ. 1851ರ ಒಂದೇ ವರ್ಷದಲ್ಲಿ 28,000 ಗಜಕ್ಕಿಂತ ಜಾಸ್ತಿ ಲಿನನ್ ಬಟ್ಟೆ ನೇಯ್ದು ಮಾರಿದರು.

ಹೊಲದಲ್ಲೂ ಅವರಿದ್ದರು. ಕ್ರಾನ್ಸ್ ಅವರ ಇನ್ನೊಂದು ಚಿತ್ರದಲ್ಲಿ ಸೇತುವೆಗೆ ಮರದ ಕಂಬ ಹೊಡೆಯಲು ಹೆಂಗಸರು ಗುಂಪಾಗಿ ಹಗ್ಗ ಎಳೆಯುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರ ಸಂಖ್ಯೆ ಹೆಚ್ಚಿದ್ದುದೂ ಇದಕ್ಕೊಂದು ಕಾರಣ. ಆದರೆ ತೀರ್ಮಾನ ಮಾಡುವ ಜಾಗದಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. 1853ರಲ್ಲಿ ಕಾಲೊನಿ ಕಾನೂನು ಪ್ರಕಾರ ನೋಂದಣಿ ಆದಾಗ ಏಳು ಟ್ರಸ್ಟಿಗಳನ್ನು ಮಾಡಿದರು. ಏಳೂ ಗಂಡಸರು.

ಮದುವೆ ಆಗೋದನ್ನೇ ನಿಲ್ಲಿಸಿದ್ದರಂತೆ?

ಎರಡು ಬೇರೆ ಬೇರೆ ಸಮಯದಲ್ಲಿ, ಎರಡು ಬೇರೆ ಕಾರಣಕ್ಕೆ. ಮೊದಲ ವರ್ಷಗಳಲ್ಲಿ ಇರುವವರಿಗೇ ಕೂಳಿಲ್ಲ, ಜಾಗವಿಲ್ಲ. ಹಾಗಾಗಿ ಹೊಸ ಮದುವೆ ಬೇಡ ಅಂದರು. 1848ರಲ್ಲಿ ಯಾನ್ಸನ್ ಅಪ್ಪಣೆ ಕೊಟ್ಟ ಮೇಲೆ ಒಂದೇ ದಿನ ಹಲವು ಜೋಡಿಗಳ ಮದುವೆ ನಡೆಯಿತು. ಎರಡನೇ ಸಲ 1854ರ ಸುಮಾರಿಗೆ. ಆಗ ಯಾನ್ಸನ್ ಇರಲಿಲ್ಲ. ಮದುವೆಯಾಗದೆ ಒಟ್ಟಿಗೆ ಬಾಳುವ ಕೆಂಟಕಿಯ ಶೇಕರ್ ಪಂಥದವರನ್ನು ನೋಡಿ ಬಂದ ಮುಖಂಡರು ಬ್ರಹ್ಮಚರ್ಯವನ್ನು ನಿಯಮ ಮಾಡಿದರು, ಮದುವೆಯಾದವರಿಗೂ. ಅಲ್ಲಿಂದ ಜನರ ಮನಸ್ಸು ಒಡೆಯಿತು. ಚಳಿಯನ್ನೂ ಕಾಲರಾವನ್ನೂ ತಡೆದುಕೊಂಡವರು ಇದನ್ನು ತಡೆದುಕೊಳ್ಳಲಿಲ್ಲ.

## ಇನ್ನೂ ಆಳಕ್ಕೆ

ಯಾನ್ಸನ್‌ನನ್ನು ಕೊಂದಿದ್ದು ಯಾರು? ಅಮೆರಿಕದವರಾ?

ಅವನೂ ಸ್ವೀಡನ್ನಿನವನೇ, ಜಾನ್ ರೂಟ್ ಅಂತ. ಕಾಲೊನಿಗೆ ಬಂದು ಸೇರಿದ ಅಲೆಮಾರಿ. ಯಾನ್ಸನ್‌ನ ನೆಂಟಳಾದ ಲೊಟ್ಟಾಳನ್ನು ಮದುವೆಯಾದ. ತಾನು ಕಾಲೊನಿ ಬಿಟ್ಟರೂ ಅವಳನ್ನು ಬಲವಂತವಾಗಿ ಕರೆದೊಯ್ಯುವುದಿಲ್ಲ ಎಂದು ಮೊದಲೇ ಬರೆದುಕೊಟ್ಟಿದ್ದ. ಆಮೇಲೆ ಕರೆದೊಯ್ಯಲು ನೋಡಿದ. ಕಾಲೊನಿಯವರು ಬಿಡಲಿಲ್ಲ. ಎಳೆದಾಟ, ಬೆನ್ನಟ್ಟುವುದು, ಹೊರಗಿನ ಜನರ ಗುಂಪು ಕಟ್ಟಿಕೊಂಡು ಬಂದು ಹೆದರಿಸುವುದು ಎಲ್ಲ ನಡೆಯಿತು. 1850ರ ಮೇ 13ರಂದು ಕೇಂಬ್ರಿಜ್ ಪಟ್ಟಣದ ನ್ಯಾಯಾಲಯದಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ರೂಟ್ ಅವನಿಗೆ ಗುಂಡು ಹೊಡೆದ. ಯಾನ್ಸನ್‌ಗೆ 41 ವರ್ಷ.

ಈ ಜಗಳದಲ್ಲಿ ಎಲ್ಲರೂ ಇಬ್ಬರು ಗಂಡಸರ ಬಗ್ಗೆ ಮಾತಾಡುತ್ತಾರೆ. ಲೊಟ್ಟಾಳಿಗೆ ಏನು ಬೇಕಿತ್ತು ಅನ್ನೋದನ್ನು ನೀವು ಅಲ್ಲಿನ ಮಾರ್ಗದರ್ಶಕರ ಹತ್ತಿರ ಕೇಳಿ ನೋಡಿ. ಮಾತು ಬೇರೆಯೇ ದಾರಿ ಹಿಡಿಯುತ್ತದೆ.

ನೇರವಾಗಿ ಕೇಳ್ತೀನಿ, ಈ ಯಾನ್ಸನ್ ಮೋಸಗಾರ ಗುರುವಾ?

ದುಡ್ಡಿಗಾಗಿ ನಾಟಕ ಆಡಿದವನು ಅಂತ ನನಗೆ ಅನ್ನಿಸುವುದಿಲ್ಲ. ತಾನು ಹೇಳಿದ್ದನ್ನು ಅವನು ನಂಬಿದ್ದ, ಅದಕ್ಕಾಗಿ ಜೈಲಿಗೆ ಹೋದ. ಆದರೆ ಅವನ ಮಾತನ್ನು ಪ್ರಶ್ನಿಸಿದರೆ ದೇವರನ್ನೇ ಪ್ರಶ್ನಿಸಿದ ಹಾಗೆ ಅಂತಾಯಿತು. ಎಷ್ಟು ಉಪವಾಸ ಮಾಡಬೇಕು, ಯಾರು ಯಾವಾಗ ಮದುವೆಯಾಗಬೇಕು ಎಲ್ಲ ಅವನೇ ಹೇಳಿದ. ಅಷ್ಟು ಅಧಿಕಾರ ಒಬ್ಬನ ಕೈಗೆ ಹೋದದ್ದು ತಪ್ಪು, ಅದರ ಬೆಲೆಯನ್ನು ಗವಿಗಳಲ್ಲಿ ಮಲಗಿದವರು ತೆತ್ತರು. ಅವರನ್ನು ದಡ್ಡರು ಅನ್ನಲು ಮಾತ್ರ ನನಗೆ ಬಾಯಿ ಬಾರದು. ತಮ್ಮ ಮನೆಯಲ್ಲಿ ನೆರೆಯವರ ಜೊತೆ ಕೂತು ಬೈಬಲ್ ಓದಿದ್ದಕ್ಕೆ ದಂಡ ಕಟ್ಟಿದವರು ಅವರು. ಹೊರಡುವುದಕ್ಕೆ ಅವರಿಗೆ ಅವರದೇ ಕಾರಣ ಇತ್ತು.

ಇದಕ್ಕೂ ನಮ್ಮ ಮಂಗಳೂರಿನ ಬಾಸೆಲ್ ಮಿಶನ್‌ಗೂ ಏನಾದರೂ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ, ಬೇರು ಒಂದೇ ಕಡೆಯದು. ಪಾದ್ರಿಯ ಪಾಂಡಿತ್ಯಕ್ಕಿಂತ ಭಕ್ತನ ಹೃದಯ ಮುಖ್ಯ, ಎಲ್ಲರೂ ಬೈಬಲ್ ಓದಬೇಕು ಅನ್ನುವ ಪಯಟಿಸ್ಟ್ ಚಳವಳಿ ಜರ್ಮನಿಯಲ್ಲಿ ಹುಟ್ಟಿ ಉತ್ತರ ಯೂರೋಪಿಗೆಲ್ಲ ಹರಡಿತು. ಸ್ವೀಡನ್ನಿನ ‘ಓದುವವರು’ ಅದರ ಒಂದು ಕವಲು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಇನ್ನೊಂದು. ಯಾನ್ಸನ್ ಹಿಟ್ಟು ಮಾರುತ್ತಾ ಹೆಲ್ಸಿಂಗ್‌ಲ್ಯಾಂಡಿಗೆ ಹೋದ 1843ರಲ್ಲೇ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು. ಒಂದು ಕವಲು ಮನುಷ್ಯರು ಬರೆದ ಪುಸ್ತಕಗಳನ್ನು ಸುಟ್ಟಿತು, ಇನ್ನೊಂದು ಕನ್ನಡಕ್ಕೆ ಅಚ್ಚಿನ ಮನೆ ತಂದಿತು.

ಇಷ್ಟು ಚೆನ್ನಾಗಿ ನಡೀತಿದ್ದ ಕಾಲೊನಿ ಯಾಕೆ ಮುರಿದುಬಿತ್ತು?

ಬ್ರಹ್ಮಚರ್ಯದ ನಿಯಮ ಮನಸ್ಸು ಒಡೆದರೆ, ಸಾಲ ಮನೆ ಒಡೆಯಿತು. ಟ್ರಸ್ಟಿಗಳಲ್ಲಿ ವ್ಯವಹಾರ ನೋಡುತ್ತಿದ್ದ ಊಲೊಫ್ ಜಾನ್ಸನ್ ಜನರಿಗೆ ತಿಳಿಸದೆ ಹಣವನ್ನು ಹೊರಗಿನ ವ್ಯಾಪಾರಗಳಲ್ಲಿ ಹಾಕಿದ. 1857ರಲ್ಲಿ ಅಮೆರಿಕದ ಬ್ಯಾಂಕುಗಳೇ ಕುಸಿದವು, ಆ ಹಣವೂ ಮುಳುಗಿತು. ಲೆಕ್ಕ ಕೇಳಿದರೆ ಸರಿಯಾದ ಲೆಕ್ಕ ಇಲ್ಲ. 1860ರಲ್ಲಿ ಜನ ಎರಡು ಬಣವಾಗಿ ಆಸ್ತಿ ಹಂಚಿಕೊಂಡರು, ಮರುವರ್ಷ ಒಬ್ಬೊಬ್ಬರ ಪಾಲು ಬೇರೆಯಾಯಿತು.

ಹಂಚಿದ ರೀತಿ ನನಗೆ ಇಷ್ಟವಾಗುತ್ತದೆ. 35 ದಾಟಿದವರಿಗೆ ಪೂರ್ಣ ಪಾಲು, ಅಂದರೆ ಸುಮಾರು 22 ಎಕರೆ ಹೊಲ, ಕಾಡಿನ ತುಂಡು, ಊರಲ್ಲಿ ಒಂದು ನಿವೇಶನ. ಚಿಕ್ಕವರಿಗೆ ವಯಸ್ಸಿನ ಪ್ರಕಾರ ಕಡಿಮೆ. ಹೆಣ್ಣಿಗೂ ಗಂಡಿಗೂ ಒಂದೇ ಅಳತೆ. ಬಿತ್ತನೆಯ ಸಾಲಿನಲ್ಲಿ ನಿಂತವಳಿಗೆ ಕೊನೆಗೆ ಅವಳ ಹೆಸರಲ್ಲೇ ನೆಲ ಸಿಕ್ಕಿತು. ಸಾಲದ ಮೊಕದ್ದಮೆಗಳು ಮಾತ್ರ 1879ರ ತನಕ ಎಳೆದವು. ಹಳೆಯ ಸಾಲಕ್ಕೆ ಜನ ಮತ್ತೆ ಮತ್ತೆ ಕೈಯಿಂದ ಕಟ್ಟಿದರು, ಕೆಲವರು ಪಾಲಿಗೆ ಬಂದ ಹೊಲವನ್ನೂ ಕಳೆದುಕೊಂಡರು.

ಆ ಪಂಥದವರು ಈಗಲೂ ಇದ್ದಾರಾ? ಸ್ವೀಡನ್ನಿನಲ್ಲಿ ಇವರ ನೆನಪಿದೆಯಾ?

ಪಂಥ ಉಳಿಯಲಿಲ್ಲ. ಹೆಚ್ಚಿನವರು ಮೆಥಡಿಸ್ಟ್ ಚರ್ಚಿಗೆ ಸೇರಿದರು, ಯೋನಾಸ್ ಊಲ್ಸನ್ ಕೊನೆಗಾಲಕ್ಕೆ ಅಡ್ವೆಂಟಿಸ್ಟ್ ಆದ. ವಂಶದವರು ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ಸ್ವೀಡನ್ನಿನಲ್ಲಿ ಆಲ್ಫ್ತಾದಲ್ಲಿ ಇವರದೇ ಒಂದು ಮ್ಯೂಸಿಯಂ ಇದೆ.

ಇವರು ಊರಿಗೆ ಬರೆದ ಕಾಗದಗಳು ಮಾಡಿದ ಕೆಲಸವೂ ದೊಡ್ಡದು. ಕಪ್ಪು ಮಣ್ಣು, ಕಲ್ಲಿಲ್ಲದ ಹೊಲ, ದಿನವೂ ಗೋಧಿ ರೊಟ್ಟಿ ಅಂತ ಓದಿದ ನೆಂಟರು, ನೆರೆಯವರು ಧರ್ಮದ ಗೊಡವೆ ಇಲ್ಲದೆಯೂ ಹೊರಟರು. ಮುಂದಿನ 80 ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಅಮೆರಿಕಕ್ಕೆ ಬಂದರು. ಅವರಲ್ಲಿ ಬರಗಾಲಕ್ಕೆ ಹೆದರಿ ಬಂದವರು, ಜಮೀನಿಗಾಗಿ ಬಂದವರು ಬಹಳ. ಗುಂಪಾಗಿ ಹೊರಟು ದಾರಿ ತೋರಿಸಿದ ಮೊದಲಿಗರಲ್ಲಿ ಬಿಷಪ್ ಹಿಲ್‌ನವರು ಸೇರುತ್ತಾರೆ. ನಿಮ್ಮಲ್ಲಿ ಯಾರಾದರೂ ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದು ಹೆಲ್ಸಿಂಗ್‌ಲ್ಯಾಂಡ್ ಕಡೆ ಹೋಗುವುದಿದ್ದರೆ ಆಲ್ಫ್ತಾ ನೋಡಿ ಬನ್ನಿ. ಅಲ್ಲಿಯ ಹಳೆಯ ತೋಟದ ಮನೆಗಳು ದೊಡ್ಡವು, ಕೆತ್ತನೆಯ ಬಾಗಿಲಿನವು. ಇವರಲ್ಲಿ ಬಹಳ ಮಂದಿ ಏನನ್ನು ಮಾರಿ ಹೊರಟರು ಅನ್ನೋದು ಅಲ್ಲಿ ನಿಂತು ನೋಡಿದಾಗ ಅರ್ಥವಾಗುತ್ತದೆ.